ಹಳೆಯ ವಸ್ತುಗಳ ಸೇವಾ ಅಂಗಡಿ: ರೋಗಿಗಳ ಆರೈಕೆಗೆ ತಿಂಗಳ ಆದಾಯ ಕಟ್ಟಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬ್ರಿಟನ್ನಿನ ಸಣ್ಣ ಊರುಗಳ ಪೇಟೆಬೀದಿಯಲ್ಲಿ, ಜನ ಕೊಟ್ಟ ಬಟ್ಟೆ, ಪುಸ್ತಕ, ಪಿಂಗಾಣಿ ಮತ್ತು ಪೀಠೋಪಕರಣಗಳನ್ನು ಮಾರುವ ಒಂದೆರಡು ಅಂಗಡಿಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಅವುಗಳಲ್ಲಿ ಹಲವು ಆ ಊರಿನ ಹಾಸ್ಪೈಸಿಗೆ, ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಆರೈಕೆ ಕೇಂದ್ರಕ್ಕೆ, ಸೇರಿದವು. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ರೆಡ್ ಕ್ರಾಸ್ ಲಂಡನ್ನಿನ ಓಲ್ಡ್ ಬಾಂಡ್ ಸ್ಟ್ರೀಟಿನಲ್ಲಿ ಇಂಥ ಅಂಗಡಿಯನ್ನು ನಡೆಸಿತು. ಇಂದು ಬ್ರಿಟಿಷ್ ಹಾರ್ಟ್ ಫೌಂಡೇಶನ್ ಮತ್ತು ಕ್ಯಾನ್ಸರ್ ರಿಸರ್ಚ್ ಯುಕೆಯಂಥ ಸಂಸ್ಥೆಗಳು ನೂರಾರು ಅಂಗಡಿಗಳನ್ನು ಇಟ್ಟುಕೊಂಡಿವೆ. ಇಂಗ್ಲೆಂಡಿನ ವಯಸ್ಕರ ಹಾಸ್ಪೈಸುಗಳಿಗೆ ಸರ್ಕಾರದಿಂದ ಬರುವುದು ಅವುಗಳ ವೆಚ್ಚದ ಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದದ್ದನ್ನು ಅವು ತಾವೇ ಸಂಗ್ರಹಿಸಬೇಕು, ಮತ್ತು ಆ ಸಂಗ್ರಹದಲ್ಲಿ ಅಂಗಡಿಗಳ ಪಾತ್ರ ದೊಡ್ಡದು.

ಆದರೆ ಅಲ್ಲಿನ ಅಂಗಡಿಗಳ ಬೆನ್ನಿಗೆ ಮೂರು ಕಾನೂನು ಸೌಲಭ್ಯಗಳಿವೆ ಎಂಬುದನ್ನು ಮರೆಯಬಾರದು. ಮಳಿಗೆಯ ಮೇಲಿನ ಸ್ಥಳೀಯ ತೆರಿಗೆಯಲ್ಲಿ ಶೇಕಡಾ 80ರಷ್ಟು ಕಡ್ಡಾಯ ವಿನಾಯಿತಿ ಇದೆ. ದಾನವಾಗಿ ಬಂದ ವಸ್ತುವಿನ ಮಾರಾಟಕ್ಕೆ ವ್ಯಾಟ್ ದರ ಶೂನ್ಯ. ‘ಗಿಫ್ಟ್ ಏಡ್’ ಪದ್ಧತಿಯಲ್ಲಿ, ದಾನಿಯು ತೆರಿಗೆ ಕಟ್ಟುವವನಾಗಿದ್ದು ತನ್ನ ವಸ್ತುವಿನಿಂದ ಬಂದ ಹಣವನ್ನು ಸಂಸ್ಥೆಗೆ ಬಿಟ್ಟುಕೊಟ್ಟರೆ, ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಸಂಸ್ಥೆಗೆ ಮರಳುತ್ತದೆ. ಈ ಮೂರೂ ನಮ್ಮಲ್ಲಿ ಆ ರೂಪದಲ್ಲಿ ಇಲ್ಲ. ಹೀಗಾಗಿ ಅಲ್ಲಿಂದ ಕಲಿಯಬೇಕಾದುದು ವಿಂಗಡಣೆ, ಬೆಲೆ ಮತ್ತು ಶಿಸ್ತನ್ನು. ಲೆಕ್ಕವನ್ನಂತೂ ನಮ್ಮ ನೆಲದ ಮೇಲೆ ಮೊದಲಿನಿಂದ ಹಾಕಬೇಕು. ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲೋ ದೊಡ್ಡ ತಾಲ್ಲೂಕು ಊರಿನಲ್ಲೋ ಇಂಥ ಅಂಗಡಿಯನ್ನು ತೆರೆಯಲು ಬಯಸುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಮೊದಲು ಖರ್ಚನ್ನು ಆರಿಸಿ, ಅಂಗಡಿ ಆಮೇಲೆ

‘ಬಡ ರೋಗಿಗಳಿಗೆ ನೆರವು’ ಎಂಬ ಸಾಮಾನ್ಯ ಉದ್ದೇಶದೊಂದಿಗೆ ಆರಂಭವಾಗುವ ಅಂಗಡಿ ಬಹಳ ಬೇಗ ಗೊಂದಲಕ್ಕೆ ಬೀಳುತ್ತದೆ. ಹೃದಯದ ಶಸ್ತ್ರಚಿಕಿತ್ಸೆಗೆ ಲಕ್ಷಗಟ್ಟಲೆ ಹಣ ಬೇಕಾದ ಕುಟುಂಬಕ್ಕೆ ಆ ಹಣ ಈ ವಾರವೇ ಬೇಕಾಗಿರುತ್ತದೆ. ಸೀರೆ ಮತ್ತು ಪುಸ್ತಕ ಮಾರಿ ಬರುವ ಹಣವಾದರೋ ಸಣ್ಣದು, ನಿಧಾನದ್ದು, ಆದರೆ ಚೆನ್ನಾಗಿ ನಡೆಸಿದರೆ ಪ್ರತಿ ತಿಂಗಳೂ ತಪ್ಪದೆ ಬರುವಂಥದ್ದು. ಹಾಗಾಗಿ ತಿಂಗಳು ತಿಂಗಳೂ ಬರುವ ಖರ್ಚಿಗೇ ಅದನ್ನು ಕಟ್ಟಿಹಾಕಬೇಕು ಎಂಬುದು ನನ್ನ ದೃಢ ಅಭಿಪ್ರಾಯ, ಮತ್ತು ಮುಂದಿನ ಎಲ್ಲ ಹಂತಗಳೂ ಈ ಒಂದು ತೀರ್ಮಾನದ ಮೇಲೆ ನಿಂತಿವೆ.

ದೊಡ್ಡ ಚಿಕಿತ್ಸೆಗಳಿಗೆ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ ಅದರ ರಕ್ಷಣೆ ದೊರೆಯುತ್ತದೆ. ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಶುರುವಾಗುವ ವೆಚ್ಚಗಳದು ಬೇರೆಯೇ ಕಥೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಿಬರುವ ಆಟೋ ಬಾಡಿಗೆ, ಹಾಸಿಗೆ ಹುಣ್ಣಿನ ಡ್ರೆಸ್ಸಿಂಗ್, ದೊಡ್ಡವರ ಡೈಪರ್, ಗಾಳಿ ಹಾಸಿಗೆ, ಮನೆಗೆ ಬಂದು ನೋಡುವ ನರ್ಸಿನ ಸಂಬಳ, ಅವರ ಗಾಡಿಯ ಪೆಟ್ರೋಲು ಇವೆಲ್ಲವೂ ಬಹುಮಟ್ಟಿಗೆ ಕುಟುಂಬದ ಜೇಬಿನಿಂದಲೇ ಹೋಗುತ್ತವೆ. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಅದನ್ನೇ ಅಂಗಡಿಯ ಬಾಗಿಲ ಮೇಲೆ ಬರೆಯಿರಿ. ‘ಇಲ್ಲಿನ ಲಾಭ ನಮ್ಮ ತಾಲ್ಲೂಕಿನ ಮನೆ ಭೇಟಿ ನರ್ಸಿನ ಸಂಬಳಕ್ಕೆ’ ಎಂಬ ಒಂದು ಸಾಲು ಕೊಡುವವರನ್ನೂ ಕೊಳ್ಳುವವರನ್ನೂ ಎಷ್ಟು ಬೇಗ ನಂಬಿಸುತ್ತದೆಯೋ ಅಷ್ಟು ಬೇಗ ಯಾವ ಕರಪತ್ರವೂ ನಂಬಿಸುವುದಿಲ್ಲ.

ಯಾರ ಹೆಸರಿನಲ್ಲಿ ನಡೆಸುವುದು

ಹೊಸ ಟ್ರಸ್ಟ್ ಕಟ್ಟುವ ಉತ್ಸಾಹವನ್ನು ಸ್ವಲ್ಪ ತಡೆಹಿಡಿಯುವುದು ಒಳ್ಳೆಯದು. ಆರೈಕೆಯನ್ನು ಈಗಾಗಲೇ ಚೆನ್ನಾಗಿ ಮಾಡುತ್ತಿರುವ, ಆದರೆ ಹಣಕ್ಕಾಗಿ ಒದ್ದಾಡುತ್ತಿರುವ ಸಂಸ್ಥೆ ಹತ್ತಿರದಲ್ಲಿದ್ದರೆ ಅದರ ಅಂಗಡಿಯಾಗಿ ನಡೆಸುವುದೇ ಜಾಣತನ. ಹಾಸ್ಪೈಸ್ ಎಂಬ ಕಲ್ಪನೆ ನಮ್ಮಲ್ಲಿ ಹೊಸದೇನಲ್ಲ. ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ಆರಂಭಿಸಿದ ಸುಮಾರು ಎರಡು ದಶಕಗಳಲ್ಲಿ, 1986ರಲ್ಲಿ, ಮುಂಬಯಿಯ ಶಾಂತಿ ಅವೇದನಾ ಸದನ ಹುಟ್ಟಿತು, ಮುಂದೆ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನ ಕರುಣಾಶ್ರಯ ಬಂದಿತು. ಕರುಣಾಶ್ರಯದಲ್ಲಿ ಆರೈಕೆಗೆ ರೋಗಿಗಳಿಂದ ಹಣ ಪಡೆಯುವುದಿಲ್ಲ. ಹೀಗೆ ಉಚಿತವಾಗಿ ನೋಡಿಕೊಳ್ಳುವ ಸಂಸ್ಥೆಗೆ ವರ್ಷಕ್ಕೊಮ್ಮೆ ಬರುವ ದೊಡ್ಡ ದೇಣಿಗೆಯಷ್ಟೇ ತಿಂಗಳಿಗೊಮ್ಮೆ ಬರುವ ಖಚಿತ ಮೊತ್ತವೂ ಮುಖ್ಯ. ಹೊಸದಾಗಿಯೇ ಕಟ್ಟಬೇಕಾದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಟ್ರಸ್ಟ್ ನೋಂದಾಯಿಸಬಹುದು, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಕನಿಷ್ಠ ಏಳು ಮಂದಿ ಸೇರಿ ಸಂಘ ಮಾಡಿಕೊಳ್ಳಬಹುದು. ಯಾವ ದಾರಿಯಾದರೂ, ಉದ್ದೇಶಗಳ ಪಟ್ಟಿಯಲ್ಲಿ ವೈದ್ಯಕೀಯ ನೆರವು ಎಂಬುದು ಸ್ಪಷ್ಟವಾಗಿ ಇರಬೇಕು.

ಅದಕ್ಕೆ ತೆರಿಗೆಯ ಕಾರಣವೂ ಇದೆ. 1961ರ ಆದಾಯ ತೆರಿಗೆ ಕಾಯಿದೆಯು ವೈದ್ಯಕೀಯ ನೆರವನ್ನು ಧರ್ಮಾರ್ಥ ಉದ್ದೇಶಗಳಲ್ಲಿ ಪ್ರತ್ಯೇಕವಾಗಿಯೇ ಹೆಸರಿಸಿತ್ತು. ವ್ಯಾಪಾರದ ಹುಟ್ಟುವಳಿ ಒಟ್ಟು ಹುಟ್ಟುವಳಿಯ ಶೇಕಡಾ 20ನ್ನು ಮೀರಬಾರದೆಂಬ ಮಿತಿ ‘ಸಾಮಾನ್ಯ ಸಾರ್ವಜನಿಕ ಉಪಯೋಗ’ ಎಂಬ ಕೊನೆಯ ವರ್ಗಕ್ಕೆ ಅನ್ವಯಿಸುವಂಥದ್ದು, ವೈದ್ಯಕೀಯ ನೆರವಿಗಲ್ಲ. ಆದರೆ ಅದೇ ಕಾಯಿದೆಯ 11(4ಎ) ಕಲಂ, ಟ್ರಸ್ಟ್ ನಡೆಸುವ ವ್ಯಾಪಾರ ಅದರ ಉದ್ದೇಶಕ್ಕೆ ಪೂರಕವಾಗಿರಬೇಕು ಮತ್ತು ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಇರಬೇಕು ಎನ್ನುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿರುವುದರಿಂದ, ಆರಂಭಿಸುವ ಮೊದಲೇ ಲೆಕ್ಕಪರಿಶೋಧಕರ ಲಿಖಿತ ಅಭಿಪ್ರಾಯ ಪಡೆದು ಕಡತದಲ್ಲಿ ಇಡಿ.

ಜಿಎಸ್‌ಟಿ ವಿಚಾರದಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಸೇವೆಯನ್ನೂ ಒದಗಿಸುವವರಿಗೆ 20 ಲಕ್ಷ. ಈ ವಹಿವಾಟನ್ನು ಅಂಗಡಿವಾರು ನೋಡುವುದಿಲ್ಲ, ಪ್ಯಾನ್ ಸಂಖ್ಯೆಯ ಮೇಲೆ ಒಟ್ಟುಗೂಡಿಸಿ ನೋಡುತ್ತಾರೆ, ತೆರಿಗೆಯಿಂದ ಹೊರಗಿರುವ ಆಸ್ಪತ್ರೆ ಸೇವೆಯ ಶುಲ್ಕವೂ ಆ ಮೊತ್ತದಲ್ಲಿ ಸೇರುತ್ತದೆ. ಆದ್ದರಿಂದ ಆಸ್ಪತ್ರೆ ನಡೆಸುವ ಟ್ರಸ್ಟಿನ ಸಣ್ಣ ಅಂಗಡಿಗೂ ಮೊದಲ ದಿನದಿಂದಲೇ ಜಿಎಸ್‌ಟಿ ಬರಬಹುದು. ಇದರ ಜೊತೆಗೆ ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಮತ್ತು ಅಂಗಡಿ ಹಾಗೂ ವಾಣಿಜ್ಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಬೇಕು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯ 2024ರ ತಿದ್ದುಪಡಿ ಸೇವಾ ಅಂಗಡಿಗೂ ಅನ್ವಯಿಸುತ್ತದೆ.

ಜಾಗ ಹಾಗೂ ತಿಂಗಳ ಲೆಕ್ಕ

ಆಸ್ಪತ್ರೆಯ ಆವರಣದಲ್ಲಿ ಪುಕ್ಕಟೆ ಕೋಣೆ ಸಿಕ್ಕರೂ ಅದು ಅಂಗಡಿಗೆ ಒಳ್ಳೆಯ ಜಾಗ ಆಗಿರಬೇಕೆಂದಿಲ್ಲ. ಅಲ್ಲಿಗೆ ಬರುವವರು ಚಿಂತೆಯಲ್ಲಿರುತ್ತಾರೆ, ಸಾಮಾನು ಕೊಳ್ಳುವ ಮನಸ್ಸಿನಲ್ಲಿ ಇರುವುದಿಲ್ಲ. ಬಸ್ ನಿಲ್ದಾಣಕ್ಕೂ ಸಂತೆಬೀದಿಗೂ ನಡುವೆ, ನೆಲಮಟ್ಟದಲ್ಲಿ, ಎದುರಿಗೆ ಸ್ಕೂಟರ್ ನಿಲ್ಲಿಸಲು ಜಾಗವಿರುವ ಮಳಿಗೆ ಬಾಡಿಗೆ ಕೊಟ್ಟಾದರೂ ಮೇಲು. ವಿಂಗಡಣೆಗೆ ಹಿಂದೆ ಒಂದು ಕೋಣೆ ಇರಲೇಬೇಕು, ಅದೂ ಮಾರುವ ಜಾಗದ ಅರ್ಧಕ್ಕಿಂತ ಕಡಿಮೆ ಇರಬಾರದು.

ಈಗ ಒಂದು ಉದಾಹರಣೆಯ ಲೆಕ್ಕ ನೋಡೋಣ. ಬಾಡಿಗೆ 12,000, ಸಂಬಳದ ಮೇಲಿರುವ ಒಬ್ಬ ವ್ಯವಸ್ಥಾಪಕರಿಗೆ 18,000, ಸಾಗಾಟಕ್ಕೆ 5,000, ಕರೆಂಟು ಮತ್ತಿತರ ಸಣ್ಣ ಖರ್ಚಿಗೆ 3,000 ಎಂದಿಟ್ಟುಕೊಂಡರೆ ತಿಂಗಳಿಗೆ 38,000 ರೂಪಾಯಿ ಆಯಿತು. ತಿಂಗಳಲ್ಲಿ 26 ದಿನ ಬಾಗಿಲು ತೆಗೆದು, ದಿನಕ್ಕೆ ಸರಾಸರಿ 60 ರೂಪಾಯಿಯ 25 ವಸ್ತುಗಳನ್ನು ಮಾರಿದರೆ ಬರುವುದು 39,000. ಅಂದರೆ ರೋಗಿಗೆ ಉಳಿಯುವುದು ಒಂದು ಸಾವಿರ. ಅದೇ ಅಂಗಡಿ ದಿನಕ್ಕೆ 40 ವಸ್ತು ಮಾರಿದರೆ 62,400 ಬಂದು 24,400 ಉಳಿಯುತ್ತದೆ, ಅಂದರೆ ಮನೆ ಭೇಟಿಯ ನರ್ಸಿನ ಸಂಬಳದ ಬಹುಭಾಗವನ್ನು ಅಂಗಡಿಯೊಂದೇ ಹೊರಬಲ್ಲದು. ಖರ್ಚು ಹೆಚ್ಚೂಕಡಿಮೆ ಅಷ್ಟೇ ಇರುವುದರಿಂದ ದಿನಕ್ಕೆ ಹದಿನೈದು ವಸ್ತುಗಳ ಈ ವ್ಯತ್ಯಾಸದಲ್ಲೇ ಇಡೀ ಕೆಲಸದ ಸಾರ್ಥಕತೆ ಅಡಗಿದೆ. ನಿಮ್ಮ ಊರಿನ ಬಾಡಿಗೆ ಮತ್ತು ಸಂಬಳದ ಅಂಕಿ ಹಾಕಿ ಇದೇ ಲೆಕ್ಕವನ್ನು ಮಾಡಿ ನೋಡದೆ ಮಳಿಗೆಯ ಮುಂಗಡ ಕೊಡಬೇಡಿ. ಮೊದಲ ಆರು ತಿಂಗಳ ಖರ್ಚನ್ನು ದೇಣಿಗೆಯಿಂದ ಎತ್ತಿಟ್ಟುಕೊಂಡಿದ್ದರೆ, ಗಿರಾಕಿಗಳು ಅಂಗಡಿಯನ್ನು ಗುರುತು ಹಿಡಿಯುವವರೆಗೆ ಆತಂಕವಿಲ್ಲದೆ ನಡೆಸಬಹುದು.

ವಸ್ತುಗಳನ್ನು ಕೇಳುವ ರೀತಿ

ನಮ್ಮ ಮನೆಗಳಲ್ಲಿ ಹಳೆಯ ವಸ್ತುವಿಗೆ ಆಗಲೇ ಹಲವು ದಾರಿಗಳಿವೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬರುತ್ತಾರೆ, ರೇಷ್ಮೆ ಸೀರೆಯ ಜರಿ ಕೊಳ್ಳುವವರು ಬರುತ್ತಾರೆ, ಪೇಪರ್ ಮತ್ತು ಕಬ್ಬಿಣ ಗುಜರಿಗೆ ಹೋಗುತ್ತದೆ, ಉಳಿದದ್ದು ಮನೆಗೆಲಸದವರಿಗೆ ಸಲ್ಲುತ್ತದೆ. ಈ ದಾರಿಗಳನ್ನು ನಂಬಿ ಬದುಕುವವರೂ ಬಡವರೇ ಎಂಬುದನ್ನು ನೆನಪಿಟ್ಟುಕೊಂಡು, ಅವುಗಳಲ್ಲಿ ಯಾವುದಕ್ಕೂ ಹೋಗದೆ ಬೀರುವಿನಲ್ಲಿ ಉಳಿದುಬಿಡುವ ವಸ್ತುಗಳನ್ನೇ ಮುಖ್ಯವಾಗಿ ಕೇಳಬೇಕು. ಎರಡೇ ಸಲ ಉಟ್ಟ ರೇಷ್ಮೆ ಸೀರೆ, ಮಗು ಬೆಳೆದು ಬಿಟ್ಟ ಸೈಕಲ್, ಮದುವೆಯಲ್ಲಿ ಉಡುಗೊರೆಯಾಗಿ ಬಂದು ಪೆಟ್ಟಿಗೆ ಬಿಚ್ಚದ ಡಿನ್ನರ್ ಸೆಟ್, ಹೆಸರು ಕೊರೆಸಿದ ಪಾತ್ರೆಗಳು, ದಸರಾ ಗೊಂಬೆಗಳು, ಮಕ್ಕಳು ಓದಿ ಮುಗಿಸಿದ ಪುಸ್ತಕಗಳು ಇವೆಲ್ಲ ನಿಮಗೆ ಬರಲಿ.

ಕೇಳುವುದಕ್ಕೂ ಕಾಲವಿದೆ. ಯುಗಾದಿ ಮತ್ತು ದೀಪಾವಳಿಯ ಮುಂಚಿನ ಮನೆ ಶುಚಿಯ ವಾರಗಳು, ಶಾಲೆ ಆರಂಭಕ್ಕೆ ಮುಂಚಿನ ಮೇ ತಿಂಗಳು, ಬಾಡಿಗೆ ಮನೆ ಬದಲಾಯಿಸುವ ದಿನಗಳು ಸಂಗ್ರಹಕ್ಕೆ ಹೇಳಿಮಾಡಿಸಿದಂಥವು. ಬರಬಾರದ ವಸ್ತುಗಳ ಪಟ್ಟಿಯನ್ನು ಬಾಗಿಲಲ್ಲೇ ಹಾಕಿ: ಒಳಉಡುಪು, ದಿಂಬು, ಔಷಧಿ, ಹೆಲ್ಮೆಟ್, ಗ್ಯಾಸ್ ಸಿಲಿಂಡರ್, ಒಡೆದ ಫರ್ನಿಚರ್ ಮತ್ತು ದೇವರ ಪಟಗಳು. ಪಟಗಳ ಮಾತನ್ನು ಸಂಕೋಚವಿಲ್ಲದೆ ಮೊದಲೇ ಹೇಳಬೇಕು. ಎಸೆಯಲು ಮನಸ್ಸಿಲ್ಲದವರು ಅವನ್ನು ಬಟ್ಟೆ ಮೂಟೆಯ ಒಳಗೆ ಇಟ್ಟುಬಿಡುತ್ತಾರೆ, ಆಮೇಲೆ ಅಂಗಡಿಯವರಿಗೂ ಎಸೆಯಲು ಕೈ ಬರುವುದಿಲ್ಲ. ಉಳಿದ ಔಷಧಿ ಮಾರಲು ಅಥವಾ ಹಂಚಲು ಪರವಾನಗಿಯಿಲ್ಲದ ಯಾರಿಗೂ ಅವಕಾಶವಿಲ್ಲ, ಎಷ್ಟೇ ದುಬಾರಿ ಮಾತ್ರೆಯಾದರೂ.

ತೀರಿಕೊಂಡವರ ಬಟ್ಟೆಗಳು ಬರುತ್ತವೆ, ಬಹಳ ಬರುತ್ತವೆ. ಸತ್ತವರ ಬಟ್ಟೆ ಉಡಬಾರದೆಂಬ ನಂಬಿಕೆ ಅನೇಕರಲ್ಲಿ ಇರುವುದರಿಂದ ಕೊಳ್ಳುವವರು ಕೇಳಿದರೆ ಸುಳ್ಳು ಹೇಳಬಾರದು. ‘ಯಾರದೆಂದು ನಾವು ಬರೆದಿಟ್ಟುಕೊಳ್ಳುವುದಿಲ್ಲ, ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೇವೆ’ ಎಂಬ ಉತ್ತರ ಪ್ರಾಮಾಣಿಕವೂ ಹೌದು, ಸಾಕಾಗುವಷ್ಟೂ ಹೌದು. ಮನೆಯವರು ಮೂಟೆ ಕೊಡುವಾಗ ಬೆಲೆಯ ಮಾತು, ಸ್ಥಿತಿಯ ಮಾತು ಎತ್ತಬಾರದು. ಕೈ ಮುಗಿದು ತೆಗೆದುಕೊಂಡು, ವಿಂಗಡಣೆಯನ್ನು ಅವರು ಹೋದ ಮೇಲೆ ಮಾಡಬೇಕು.

ವಸ್ತು ಕೊಟ್ಟವರಿಗೆ 80ಜಿ ರಸೀದಿ, ಅಂದರೆ ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ರಸೀದಿ, ಕೊಡಲು ಬರುವುದಿಲ್ಲ, ಏಕೆಂದರೆ ಆ ರಿಯಾಯಿತಿ ಹಣದ ದಾನಕ್ಕೆ ಮಾತ್ರ ಇದೆ, ಅದೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಧನ್ಯವಾದ ಪತ್ರ ಕೊಡಿ. ಫೋನು, ಲ್ಯಾಪ್‌ಟಾಪ್, ಸೈಕಲ್‌ಗಳಿಗೆ ಮಾತ್ರ ಕೊಟ್ಟವರ ಹೆಸರು, ಫೋನ್ ಸಂಖ್ಯೆ, ಗುರುತಿನ ಸಂಖ್ಯೆ ಮತ್ತು ಸಹಿಯನ್ನು ಪುಸ್ತಕದಲ್ಲಿ ಕಡ್ಡಾಯವಾಗಿ ಪಡೆಯಿರಿ. ಕಳವಿನ ಮಾಲು ಸೇವಾ ಅಂಗಡಿಯ ಮೂಲಕ ದಾಟಿಹೋದರೆ ಸದುದ್ದೇಶ ಯಾರನ್ನೂ ಕಾಪಾಡುವುದಿಲ್ಲ.

ವಿಂಗಡಣೆ: ಅಂಗಡಿ ಉಳಿಯುವುದೂ ಮುಳುಗುವುದೂ ಇಲ್ಲಿಯೇ

ಹೊರಗಿನವರಿಗೆ ಮಾರಾಟದ ಮೇಜು ಕಾಣುತ್ತದೆ, ಆದರೆ ಹಿಂದಿನ ಕೋಣೆಯಲ್ಲಿ ಮೂಟೆಗಳು ರಾಶಿ ಬಿದ್ದ ದಿನವೇ ಅಂಗಡಿಯ ಸೋಲು ಶುರುವಾಗುತ್ತದೆ. ಬಂದ ಮೂಟೆ ಅದೇ ದಿನ, ತಪ್ಪಿದರೆ ಮರುದಿನ, ಬಿಚ್ಚಲೇಬೇಕೆಂಬ ನಿಯಮ ಮಾಡಿಕೊಳ್ಳಿ. ಮೊದಲು ಜೇಬು, ಪರ್ಸು, ಸೀರೆಯ ಮಡಿಕೆ, ಪುಸ್ತಕದ ಹಾಳೆಗಳ ನಡುವೆ ಕೈಯಾಡಿಸಿ ನೋಡಬೇಕು. ಹಣ, ಚಿನ್ನ, ಆಸ್ತಿ ಪತ್ರ, ಫೋಟೋ ಸಿಕ್ಕರೆ ಇಬ್ಬರ ಎದುರು ಬರೆದಿಟ್ಟು ಕೊಟ್ಟವರಿಗೆ ಹಿಂದಿರುಗಿಸಬೇಕು.

ಆಮೇಲೆ ವಸ್ತುವನ್ನು ಬೆಳಕಿಗೆ ಹಿಡಿದು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ನನ್ನ ತಂಗಿಗೆ ಕೊಡಬಲ್ಲೆನೇ? ಕಲೆ, ಕಿತ್ತ ಜಿಪ್ಪು, ಬೆವರಿನ ವಾಸನೆ, ನುಸಿ ಹೊಡೆದ ಉಣ್ಣೆ ಇದ್ದರೆ ಅದು ಮಾರಾಟಕ್ಕಲ್ಲ. ಬರುವ ಬಟ್ಟೆಯ ದೊಡ್ಡ ಭಾಗ ಈ ಪರೀಕ್ಷೆಯಲ್ಲಿ ಸೋಲುತ್ತದೆ ಎಂಬುದಕ್ಕೆ ಮನಸ್ಸನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಸೋತದ್ದು ಕಸವಲ್ಲ: ಹತ್ತಿ ಬಟ್ಟೆಯನ್ನು ಗ್ಯಾರೇಜು ಮತ್ತು ಕಾರ್ಖಾನೆಗಳು ಎಣ್ಣೆ ಒರೆಸಲು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತವೆ, ಉಣ್ಣೆ ಮತ್ತು ಮಿಶ್ರ ಬಟ್ಟೆ ವ್ಯಾಪಾರಿಗಳ ಮೂಲಕ ಹರಿಯಾಣದ ಪಾಣಿಪತ್ತಿನಂಥ ಕಡೆ ಮರುನೂಲಾಗಿ ಕಂಬಳಿಯಾಗುತ್ತದೆ. ಮೆತ್ತಗಾದ ಹತ್ತಿ ಸೀರೆ ಮತ್ತು ಪಂಚೆಗಳನ್ನಂತೂ ಮಾರಬೇಡಿ. ಹಾಸಿಗೆ ಹಿಡಿದವರ ಕೆಳಗೆ ಹಾಸಿ ದಿನಕ್ಕೆ ಹಲವು ಬಾರಿ ಬದಲಾಯಿಸಲು ಮನೆ ಭೇಟಿಯ ತಂಡಕ್ಕೆ ಅವು ಎಷ್ಟಿದ್ದರೂ ಬೇಕು.

ವಿದ್ಯುತ್ ಉಪಕರಣಗಳನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸಿ ಚೀಟಿ ಅಂಟಿಸದೆ ಹೊರಗಿಡಬಾರದು. ಬ್ರಿಟನ್ನಿನಲ್ಲಿ ಸೋಫಾ ಕುರ್ಚಿಗಳಿಗೆ ಬೆಂಕಿ ಸುರಕ್ಷತೆಯ ಲೇಬಲ್ ಇಲ್ಲದಿದ್ದರೆ ಸೇವಾ ಅಂಗಡಿಗಳು ಅವನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತವೆ. ಪುಕ್ಕಟೆ ಬಂದದ್ದೆಂಬ ಕಾರಣಕ್ಕೆ ಅಪಾಯವನ್ನು ಒಪ್ಪಿಕೊಳ್ಳಬಾರದೆಂಬ ಆ ಗಟ್ಟಿತನ ನಮಗೂ ಬೇಕು. ಕೆಟ್ಟುಹೋದವನ್ನು ಇ–ತ್ಯಾಜ್ಯದ ಅಧಿಕೃತ ಸಂಗ್ರಹಕಾರರಿಗೇ ಕೊಡಿ.

ಗಾಲಿಕುರ್ಚಿ, ವಾಕರ್, ಆಸ್ಪತ್ರೆ ಮಂಚ, ಗಾಳಿ ಹಾಸಿಗೆ ಬಂದರೆ ಮಾರಾಟಕ್ಕೆ ಇಡುವುದು ತಪ್ಪು ಲೆಕ್ಕ. ಒಂದು ಗಾಲಿಕುರ್ಚಿಯನ್ನು ಮಾರಿದರೆ ಒಮ್ಮೆ ಸಾವಿರ ಚಿಲ್ಲರೆ ರೂಪಾಯಿ ಬರಬಹುದು, ಆದರೆ ಎರವಲಿಗೆ ಕೊಟ್ಟರೆ ವರ್ಷಗಳ ಕಾಲ ಮನೆಯಿಂದ ಮನೆಗೆ ಹೋಗುತ್ತದೆ. ಸಣ್ಣ ಠೇವಣಿ, ಪಡೆದವರ ವಿಳಾಸ, ಹಿಂದಿರುಗಿದಾಗ ಸಾಬೂನು ನೀರಿನಿಂದ ತೊಳೆದು ಸೋಂಕುನಾಶಕದಲ್ಲಿ ಒರೆಸುವ ಹೊಣೆ, ಇಷ್ಟಿದ್ದರೆ ಎರವಲಿನ ಕಪಾಟು ನಡೆಯುತ್ತದೆ.

ಬೆಲೆ ಕಟ್ಟುವುದು

ಬೆಲೆಯ ಚೀಟಿ ಅಂಟಿಸಿ, ಒಂದೇ ಬೆಲೆ ಎಂದು ಹೇಳಿ. ಚೌಕಾಸಿಗೆ ಬಾಗಿಲು ತೆರೆದರೆ ಗಟ್ಟಿ ದನಿಯವರಿಗೆ ಅಗ್ಗ, ಸಂಕೋಚದವರಿಗೆ ದುಬಾರಿ ಎಂಬಂತಾಗುತ್ತದೆ. ಫುಟ್‌ಪಾತಿನಲ್ಲಿ ಹೊಸ ಶರ್ಟು ಸಿಗುವ ಬೆಲೆಯೇ ನಿಮ್ಮ ನಿಜವಾದ ಪ್ರತಿಸ್ಪರ್ಧಿ, ಹಾಗಾಗಿ ಸಾಮಾನ್ಯ ಬಟ್ಟೆಗೆ ಅದರ ಅರ್ಧಕ್ಕಿಂತ ಮೇಲೆ ಹೋಗಬಾರದು. ಚೀಟಿಯ ಮೂಲೆಯಲ್ಲಿ ವಾರದ ಸಂಖ್ಯೆ ಬರೆದು, ಮೂರು ವಾರ ಹೋಗದ ವಸ್ತುವಿನ ಬೆಲೆಯನ್ನು ಅರ್ಧ ಇಳಿಸಿ, ಐದನೇ ವಾರ ಗೂಟದಿಂದ ತೆಗೆದುಬಿಡಿ. ಈ ಸುತ್ತು ಬ್ರಿಟಿಷ್ ಅಂಗಡಿಗಳ ಹಳೆಯ ಪಾಠ: ಪ್ರತಿ ವಾರ ಹೊಸದೇನೋ ಕಾಣುವ ಅಂಗಡಿಗೆ ಗಿರಾಕಿ ಪ್ರತಿ ವಾರ ಬರುತ್ತಾನೆ.

ಬೆಲೆಬಾಳುವ ಕೆಲವು ವಸ್ತುಗಳು ತಿಂಗಳ ಲಾಭವನ್ನೇ ಬದಲಾಯಿಸಬಲ್ಲವು. ಅಸಲಿ ಜರಿಯಲ್ಲಿ ಬೆಳ್ಳಿ ಇರುವುದರಿಂದ ಹರಿದ ರೇಷ್ಮೆ ಸೀರೆಯನ್ನೂ ಇಬ್ಬರು ಜರಿ ವ್ಯಾಪಾರಿಗಳಿಗೆ ತೋರಿಸಿಯೇ ಕೊಡಬೇಕು. ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳನ್ನು ತೂಕದ ಬೆಲೆಗೆ ಕೊಡುವ ಮೊದಲು ಕುಸುರಿ ಕೆಲಸ ಇದೆಯೇ ಎಂದು ನೋಡಿ. ಹಳೆಯ ಕನ್ನಡ ಪುಸ್ತಕಗಳ ಮೊದಲ ಮುದ್ರಣಗಳನ್ನು ಗುರುತಿಸಬಲ್ಲ ಒಬ್ಬ ನಿವೃತ್ತ ಮೇಷ್ಟರೋ ಗ್ರಂಥಪಾಲಕರೋ ತಿಂಗಳಿಗೊಮ್ಮೆ ಬಂದು ಕೂತರೆ ಸಾಕು.

ಕೆಲಸ ಮಾಡುವವರು

ಸ್ವಯಂಸೇವಕರನ್ನೇ ನಂಬಿದ ಅಂಗಡಿ ಹಬ್ಬದ ವಾರದಲ್ಲಿ ಮುಚ್ಚಿರುತ್ತದೆ, ಹಾಗಾಗಿ ಸಂಬಳದ ಒಬ್ಬರು ಬೇಕು. ಉಳಿದವರಿಗೆ ವಾರದ ನಿಗದಿತ ದಿನ ಮತ್ತು ನಿಗದಿತ ಕೆಲಸ ಕೊಡಿ. ಟ್ರಸ್ಟಿಗಳೂ ಸ್ವಯಂಸೇವಕರೂ ಅವರ ಮನೆಯವರೂ ವಸ್ತುವನ್ನು ಮಾರಾಟದ ಜಾಗದಲ್ಲಿ ಎರಡು ದಿನ ಇಟ್ಟ ಮೇಲೆಯೇ, ಬೇರೊಬ್ಬರು ಹಾಕಿದ ಬೆಲೆಗೇ, ಪುಸ್ತಕದಲ್ಲಿ ಬರೆದು ಕೊಳ್ಳಬೇಕು. ಒಳ್ಳೆಯ ಸೀರೆಗಳು ಹಿಂಬಾಗಿಲಿನಿಂದ ಹೋಗುತ್ತವೆ ಎಂಬ ಮಾತು ಊರಿನಲ್ಲಿ ಒಮ್ಮೆ ಹುಟ್ಟಿದರೆ ಕೊಡುವವರೇ ನಿಂತುಬಿಡುತ್ತಾರೆ. ಟ್ರಸ್ಟಿಗಳಿಗೆ ಹೀಗೆ ಅಗ್ಗದಲ್ಲಿ ಲಾಭವಾದರೆ ತೆರಿಗೆ ವಿನಾಯಿತಿಗೂ ಕುತ್ತು.

ಹಣ ಗಲ್ಲಾದಿಂದ ರೋಗಿಯವರೆಗೆ

ಅಂಗಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ, ಯುಪಿಐ ಕ್ಯೂಆರ್ ಫಲಕ ಟ್ರಸ್ಟಿನ ಹೆಸರಿನದ್ದೇ ಆಗಿರಲಿ, ಯಾರದೋ ಸ್ವಂತ ಫೋನಿನದ್ದು ಬೇಡ. ಸಂಜೆ ಗಲ್ಲಾ ಎಣಿಸುವಾಗ ಇಬ್ಬರಿದ್ದು ಇಬ್ಬರೂ ಸಹಿ ಹಾಕಬೇಕು. ತಿಂಗಳ ಮೊದಲ ವಾರದಲ್ಲಿ ಮಾರಾಟ, ಖರ್ಚು, ಆರೈಕೆಗೆ ಕೊಟ್ಟದ್ದು ಎಂಬ ಮೂರು ಅಂಕಿಗಳನ್ನು ಅಂಗಡಿಯ ಗೋಡೆಯ ಮೇಲೆ ಬರೆಯಿರಿ. ಮಾರಾಟದ ಅಂಕಿಯೊಂದನ್ನೇ ದೊಡ್ಡದಾಗಿ ಹೇಳಿ ಖರ್ಚನ್ನು ಮುಚ್ಚಿಡುವುದು ಸಣ್ಣ ಮೋಸವೇ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದ ಶೇಕಡಾ 85ನ್ನು ಉದ್ದೇಶಕ್ಕೆ ಬಳಸಬೇಕಾದ್ದರಿಂದ ಉಳಿಕೆಯನ್ನು ಗುಡ್ಡೆ ಹಾಕಿಕೊಂಡು ಕೂರುವಂತೆಯೂ ಇಲ್ಲ.

ವಿದೇಶದಲ್ಲಿರುವ ಕನ್ನಡಿಗರು ಹಣ ಕಳಿಸಲು ಮುಂದೆ ಬಂದರೆ ಪೌರತ್ವವನ್ನು ಕೇಳಿ ತಿಳಿಯಿರಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರದು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ, ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ, ಅನುಮತಿ ಬೇಕು.

ಯಾವ ರೋಗಿಗೆ ಎಷ್ಟು ಎಂಬ ತೀರ್ಮಾನವನ್ನು ಅಂಗಡಿ ಮಾಡಬಾರದು. ಅದು ವೈದ್ಯರು, ನರ್ಸು ಮತ್ತು ಸಮಾಜ ಕಾರ್ಯಕರ್ತರ ತಂಡದ ಕೆಲಸ. ಕೌಂಟರಿನ ಎದುರು ಬಂದು ಕಷ್ಟ ಹೇಳಿಕೊಂಡವರನ್ನು ಕೂರಿಸಿ, ಮಾತು ಕೇಳಿ, ಆ ತಂಡದ ಫೋನ್ ಸಂಖ್ಯೆ ಕೊಡುವುದಷ್ಟೇ ಅಂಗಡಿಯ ಪಾಲು. ರೋಗಿಯ ಫೋಟೋವನ್ನಾಗಲಿ ಕಾಯಿಲೆಯ ವಿವರವನ್ನಾಗಲಿ ಗೋಡೆಗೆ ಅಂಟಿಸಿ ಗಿರಾಕಿಗಳ ಮನ ಕರಗಿಸುವುದು ಬೇಡ.

ಮುಚ್ಚುವ ನಿಯಮವನ್ನೂ ಬರೆದಿಡಿ

ಅಂಗಡಿಯನ್ನು ಯಾವಾಗ ಮುಚ್ಚಬೇಕೆಂಬುದನ್ನು ತೆರೆಯುವ ಮೊದಲೇ ಟ್ರಸ್ಟಿನ ನಡಾವಳಿಯಲ್ಲಿ ಬರೆದಿಡಬೇಕು, ಏಕೆಂದರೆ ನಡೆಯುತ್ತಿರುವ ಅಂಗಡಿಯ ಮೇಲೆ ಎಲ್ಲರಿಗೂ ಮೋಹ ಬೆಳೆದಿರುತ್ತದೆ. ಮೊದಲ ವರ್ಷ ಕಳೆದ ಮೇಲೆ ಸತತ ಎರಡು ತ್ರೈಮಾಸಿಕ ಆರೈಕೆಗೆ ಏನೂ ಉಳಿಯದಿದ್ದರೆ ಮಳಿಗೆಯನ್ನು ಬಿಟ್ಟು, ತಿಂಗಳಿಗೊಮ್ಮೆ ಸಮುದಾಯ ಭವನದಲ್ಲೋ ಶಾಲೆಯ ಅಂಗಳದಲ್ಲೋ ಒಂದು ದಿನದ ಮಾರಾಟಕ್ಕೆ ಇಳಿಯುವುದು ಸೂಕ್ತ. ಬಾಡಿಗೆ ಮತ್ತು ಸಂಬಳದ ಭಾರವಿಲ್ಲದ ಕಾರಣ ಕೆಲವು ಊರುಗಳಿಗೆ ಅದೇ ಹೆಚ್ಚು ಹೊಂದುತ್ತದೆ. ಹಾಗೆ ಬಿಡುವಾಗ ಉಳಿದ ಸಾಮಾನನ್ನು ವ್ಯಾಪಾರಿಗೆ ಕೊಟ್ಟ ಮೊತ್ತ, ಮಳಿಗೆಯ ಮುಂಗಡದಿಂದ ಮರಳಿ ಬಂದದ್ದು, ಎರವಲಿನಲ್ಲಿರುವ ಗಾಲಿಕುರ್ಚಿಗಳು ಯಾರ ಮನೆಯಲ್ಲಿವೆ ಎಂಬ ಪಟ್ಟಿ, ಈ ಮೂರನ್ನೂ ಆರೈಕೆಯ ತಂಡಕ್ಕೆ ಬರಹದಲ್ಲಿ ಒಪ್ಪಿಸಬೇಕು.